ಶುಕ್ರವಾರದ ಅಂಗಿ

ಎಲ್ಲರೂ ಕೇಳುವುದು ಅದೇ ನಾಲ್ಕು.
ಪ್ರಶ್ನೆ ಮೊದಲೇ ಹೇಳಿಕೊಡುತ್ತೀರಾ? ಇಲ್ಲ.
ದುಡ್ಡು ಅಲ್ಲೇ ಎಣಿಸಿ ಕೊಡುತ್ತಾರಾ?
ಇಲ್ಲ, ಟಿವಿಯಲ್ಲಿ ಬಂದ ಮೇಲೆ ಬ್ಯಾಂಕಿಗೆ.
ಪ್ರಶ್ನೆ ಕೇಳುವಾತನಿಗೆ ಉತ್ತರವೆಲ್ಲ ಗೊತ್ತಾ?
ಗೊತ್ತು, ಕಾರ್ಡಿನ ಮೇಲೆ ಬರೆದಿರುತ್ತದಲ್ಲ.
ಆ ಗ್ಲಾಸಿನಲ್ಲಿರುವುದು?
ನೀರೇ ಮಾರಾಯರೆ, ನಲ್ಲಿ ನೀರು, ಸಾಲ್ಫರ್ಡಿನದು.

ಯಾರೂ ಕೇಳದ್ದು ಅಂಗಿಯ ವಿಷಯ.
ಕೇಳಿದ್ದರೆ ಹೇಳುತ್ತಿದ್ದೆ: ಒಂದೇ ದಿನಕ್ಕೆ ಐದು ಕಂತು ಹಿಡಿಯುತ್ತೇವೆ.
ಬೆಳಿಗ್ಗೆ ಒಂಬತ್ತೂವರೆಗೆ ಸೋಮವಾರ,
ಊಟದ ಹೊತ್ತಿಗೆ ಮಂಗಳವಾರ ಮುಗಿದಿರುತ್ತದೆ.
ಗೆದ್ದವರು ಒಳಗೆ ಬಂದು ಅಂಗಿ ಬದಲಿಸಿ
ಮಾರನೆಯ ದಿನದವರಾಗಿ ಹೊರಗೆ ಹೋಗುತ್ತಾರೆ.
ರಾತ್ರಿ ನಿದ್ದೆ ಬಂತೇ ಎಂದು ನಿರೂಪಕ ವಿಚಾರಿಸುತ್ತಾನೆ,
ಚೆನ್ನಾಗಿ ಬಂತು ಅನ್ನುತ್ತಾರೆ.
ನಡುವೆ ಹದಿನೆಂಟು ನಿಮಿಷ.

ಅದಕ್ಕೇ ಪತ್ರ ಕಳಿಸುತ್ತೇವೆ: ಐದು ಅಂಗಿ ತನ್ನಿ.
ಸಣ್ಣ ಪಟ್ಟೆ ಬೇಡ, ಕ್ಯಾಮೆರಾದಲ್ಲಿ ಇರುವೆ ಹರಿದಂತೆ ಕಾಣುತ್ತದೆ.
ಅಪ್ಪಟ ಬಿಳಿ ಬೇಡ. ಕಂಪನಿ ಹೆಸರು ಬೇಡ.
ಗೆಲ್ಲುತ್ತೀರಿ ಎಂದು ಎಲ್ಲೂ ಬರೆಯುವುದಿಲ್ಲ.
ಆದರೂ ಒಂದನ್ನೇ ತಂದವರನ್ನು
ಈ ಒಂಬತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಕ್ಲಿಫರ್ಡ್ ಎಂಟ್‌ವಿಸಲ್, ಆಕ್ರಿಂಗ್ಟನ್. ಗ್ಯಾಸ್ ಮೀಟರ್ ಓದುವ ಕೆಲಸ.
ಐದಕ್ಕೂ ಗುಂಡುಸೂಜಿಯಲ್ಲಿ ಚೀಟಿ ಚುಚ್ಚಿತ್ತು,
ಸೋಮ, ಮಂಗಳ, ಬುಧ, ಗುರು, ಶುಕ್ರ. ಅಕ್ಕನ ಕೈಬರಹವಂತೆ.
ಶುಕ್ರವಾರದ್ದು ಹೊಸದು, ನೇರಳೆ ಬಣ್ಣ.
ಕಾಲರಿನೊಳಗೆ ರಟ್ಟು, ತೋಳಿನಲ್ಲಿ ಬೆಲೆಚೀಟಿ, ಎಲ್ಲ ಹಾಗೇ.
ಕೀಳಲೇ ಎಂದೆ.
ಅಲ್ಲಿಗೆ ಬಂದಾಗ ನೋಡೋಣ ಎಂದ.

ಸೋಮವಾರದ್ದಕ್ಕೆ ಇಸ್ತ್ರಿ ಹಾಕುತ್ತಿದ್ದೆ.
ಅವನು ಬನಿಯನ್ನಿನಲ್ಲಿ ನಿಂತು, ಸುಮ್ಮನಿರಲಾರದೆ,
ಆಕ್ಟೋಪಸ್ಸಿಗೆ ಮೂರು ಹೃದಯ, ಗೊತ್ತಾ ನಿಮಗೆ?
ಈಜುವಾಗ ಒಂದು ನಿಂತುಬಿಡುತ್ತದೆ,
ಅದಕ್ಕೇ ಅದು ತೆವಳುವುದೇ ಹೆಚ್ಚು, ಎಂದ.
ನನಗೆ ಗೊತ್ತಿರಲಿಲ್ಲ. ಕಫ್ ತಿರುವಿ ಹಾಕಿದೆ.

ನಮ್ಮಜ್ಜಿ ಹಿರಿಯೂರಿನವಳು. ಒಗಟು ಹಾಕಿ
ಬಿಡಿಸಲಾಗದಿದ್ದರೆ ಊರು ಕೊಡು ಅನ್ನುತ್ತಿದ್ದಳು.
ಸೋತು ಸೋತು ಚಳ್ಳಕೆರೆ ಕೊಟ್ಟಿದ್ದೇನೆ, ದಾವಣಗೆರೆ ಕೊಟ್ಟಿದ್ದೇನೆ,
ಕಣ್ಣಲ್ಲಿ ನೋಡಿರದ ಮುಂಬಯಿಯನ್ನೂ ಕೊಟ್ಟಿದ್ದೇನೆ.
ಎಲ್ಲವನ್ನೂ ಸೆರಗಿಗೆ ಗಂಟುಹಾಕಿಕೊಂಡು ಮಲಗುತ್ತಿದ್ದಳು.
ಇಲ್ಲಿಯೂ ಮೊದಲು ಹೆಸರು, ಆಮೇಲೆ ಊರು ಹೇಳಿಸುತ್ತಾರೆ.
ಯಾಕೆಂದು ಈ ಸ್ಟುಡಿಯೋದಲ್ಲಿ ನನಗೊಬ್ಬಳಿಗೇ ಗೊತ್ತು.

ಪರದೆಯ ಸಂದಿಯಿಂದ ನೋಡಿದೆ.
ಏಳನೆಯ ಪ್ರಶ್ನೆ. ಆಕ್ಟೋಪಸ್. ಹೃದಯ ಎಷ್ಟು?
ನನ್ನ ಬಾಯಿ ತಾನಾಗಿ ತೆರೆಯಿತು.
ಕ್ಲಿಫರ್ಡ್ ದೀಪದ ಕೆಳಗೆ ಬೆವರಿ
ಒಂದು, ಎಂದ.
ಆ ಹೊತ್ತಿಗೆ ಅವನಿಗೆ ಕೇಳಿಸುತ್ತಿದ್ದದ್ದು ಅದೊಂದೇ ಇರಬೇಕು.

ಹೀಗೆ ಆಕ್ರಿಂಗ್ಟನ್ ಹೋಯಿತು.

ಒಳಗೆ ಬಂದು ಉಳಿದ ನಾಲ್ಕನ್ನೂ ತಾನೇ ಮಡಿಸಿದ.
ಬೆಲೆಚೀಟಿ ತಿರುಗಿಸಿ ನೋಡಿ,
ಇಪ್ಪತ್ತೆಂಟು ದಿನದೊಳಗಾದರೆ ವಾಪಸು ತಗೊಳ್ತಾರೆ ಎಂದ.
ಮುಂದಿನ ಟ್ರಾಮ್ ಎಷ್ಟು ಹೊತ್ತಿಗೆ ಎಂದು ಕೇಳಿದ.
ಆರು ನಿಮಿಷ ಎಂದೆ. ಸರಿ ಎಂದ.

ಕಂತು ಬರುವುದು ನವೆಂಬರಿನಲ್ಲಿ. ಅಲ್ಲಿಯವರೆಗೆ
ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿದ್ದಾನೆ.
ಇದಿನ್ನೂ ಜುಲೈ. ಯಾರದೋ ಮನೆಯ ಮೆಟ್ಟಿಲ ಕೆಳಗೆ ಬಗ್ಗಿ
ಟಾರ್ಚು ಬಿಟ್ಟು ಅಂಕಿ ಬರೆದುಕೊಳ್ಳುವಾಗ
ಹಿಂದೆ ನಿಂತು ಕೇಳುತ್ತಿರುತ್ತಾರೆ: ಗೆದ್ದೆಯಾ, ಕ್ಲಿಫ್?
ಇಡೀ ಊರಿನಲ್ಲಿ ಅವನೊಬ್ಬನಿಗೇ ಗೊತ್ತಿರುವ ಉತ್ತರ.
ಟಾರ್ಚು ಆರಿಸಿ, ಮಂಡಿ ಕೊಡವಿಕೊಂಡು
ಪಕ್ಕದ ಮನೆಯ ಬೆಲ್ಲು ಒತ್ತುತ್ತಿರಬಹುದು.

ಆ ನೇರಳೆ ಅಂಗಿ ವಾಪಸು ಕೊಟ್ಟನೋ, ಇಟ್ಟುಕೊಂಡನೋ?
ಗೊತ್ತಿಲ್ಲ.
ಬೇಕಾದರೆ ಸಾಲ್ಫರ್ಡ್ ತಗೊಳ್ಳಿ.